ಕೊಳಾಯಿ ಸಾಹೇಬನ ಖಾಲಿ ಜಾಗ

ಆ ಆಸ್ಪತ್ರೆಯಲ್ಲಿ ಎದೆ ಸೀಳಿ ಹೊಲಿಯುವ ಶೂರರಿದ್ದರು, ತಲೆಬುರುಡೆ ತೆರೆದು ಮುಚ್ಚುವ ಧೀರರಿದ್ದರು. ಅವರ ಹೆಸರು, ಪದವಿ, ಪದಕಗಳೆಲ್ಲ ಮುಂಬಾಗಿಲ ಹಲಗೆಯ ಮೇಲೆ ಚಿನ್ನದ ಬಣ್ಣದಲ್ಲಿ ಹೊಳೆಯುತ್ತಿದ್ದವು. ಆ ಹಲಗೆಯ ಮೇಲೆ ಇಲ್ಲದವನು ಕೊಳಾಯಿ ಸಾಹೇಬ. ಅವನ ಸಿಂಹಾಸನವಿದ್ದದ್ದು ನೆಲಮಾಳಿಗೆಯಲ್ಲಿ. ಒಂದು ಕಡೆ ಕಾಲು ಮುರಿದ ಮಂಚಗಳ ರಾಶಿ, ಇನ್ನೊಂದು ಕಡೆ ಡೀಸೆಲ್ ಜನರೇಟರು, ನಡುವೆ ಒಂದು ಮೇಜು, ಎರಡು ಪರದೆ, ಒಂದು ಕೈ ಕಳಚಿಹೋದ ಕುರ್ಚಿ. ಕಿಟಕಿಯೂ ಇತ್ತು, ಅದರಲ್ಲಿ ಹೋಗಿಬರುವವರ ಪಾದಗಳು ಮಾತ್ರ ಕಾಣುತ್ತಿದ್ದವು. ಹದಿನೇಳು ವರ್ಷ ಅಲ್ಲಿ ಕುಳಿತು ಅವನು ನಡಿಗೆ ನೋಡಿಯೇ ಯಾರಿಗೆ ಒಳ್ಳೆಯ ಸುದ್ದಿ ಸಿಕ್ಕಿದೆ, ಯಾರಿಗೆ ಕೆಟ್ಟದ್ದು ಎಂದು ಹೇಳಬಲ್ಲ ಜ್ಞಾನಿಯಾಗಿದ್ದ. ಈ ವಿದ್ಯೆಗೆ ಯಾರೂ ಪದಕ ಕೊಡುವುದಿಲ್ಲ.

ಅವನ ಕಸುಬಿಗೆ ಮಿಡ್ಲ್‌ವೇರ್ ಎಂದು ಹೆಸರು. ಒಂದು ಯಂತ್ರ ಆಡಿದ ಮಾತನ್ನು ಇನ್ನೊಂದು ಯಂತ್ರಕ್ಕೆ ತಿಳಿಯುವಂತೆ ದಾಟಿಸುವ ನಡುವಿನ ಚಾಕರಿ. ಲ್ಯಾಬಿನ ಯಂತ್ರ ರಕ್ತ ನೋಡಿ ಏನೋ ಹೇಳುತ್ತದೆ. ಅದು ವಾರ್ಡಿಗೆ, ಔಷಧದಂಗಡಿಗೆ, ಊರಾಚೆಯ ಕಚೇರಿಗಳಿಗೆ ತಲುಪಬೇಕು. ಎಲ್ಲವೂ ಇವನ ಮೇಜಿನ ಕೆಳಗಿನ ಪೆಟ್ಟಿಗೆಯ ಮೂಲಕವೇ ಹಾಯಬೇಕು. ಹಾಯುತ್ತಿರುವಷ್ಟು ದಿನ ಇವನು ಯಾರಿಗೂ ಬೇಡ. ನಿಂತಿತೋ, ನರ್ಸಮ್ಮನ ಫೋನು: "ಸಾರ್, ಕೊಳಾಯಿ ಕಟ್ಕೊಂಡಿದೆ, ಸ್ವಲ್ಪ ನೋಡ್ತೀರಾ?" ಹೀಗೆ ಅವನಿಗೆ ಆ ಬಿರುದು ಬಂತು. ತೆಗೆದುಹಾಕಲು ಒಂದೆರಡು ವರ್ಷ ಹೆಣಗಾಡಿದ. ಆಮೇಲೆ ಅವನ ಹೆಂಡತಿಯೇ ಹಾಗೆ ಕರೆಯತೊಡಗಿದ ಮೇಲೆ ಕೈಬಿಟ್ಟ.

ಅವನ ಕೆಲಸ ನಿಜವಾಗಿ ಅರ್ಥವಾಗಿದ್ದು ಲೋಕದಲ್ಲಿ ಒಬ್ಬಳಿಗೇ, ಅವನ ಅಕ್ಕನಿಗೆ. ಮೂರು ವರ್ಷದ ಹಿಂದೆ ಡಯಾಲಿಸಿಸ್ ಕುರ್ಚಿಯಲ್ಲಿ ಕಾಲು ಚಾಚಿಕೊಂಡು, ನಾಲ್ಕು ಗಂಟೆ ಹೊತ್ತು ಹೋಗದೆ, ಅವಳು ಕೇಳಿದ್ದಳು:

"ಲೋ, ಇಡೀ ದಿನ ಕೆಳಗಡೆ ಕೂತು ಏನೋ ಮಾಡ್ತೀಯ ನೀನು?"

"ನಮ್ಮನೇಲಿ ಅತ್ತೆ ಅಂದ್ರೆ ಯಾರು, ಹೇಳು."

"ಯಾವ ಅತ್ತೆ?"

"ಹಾಂ, ಅದೇ! ಅಪ್ಪನ ತಂಗೀನೂ ಅತ್ತೆ, ಮಾವನ ಹೆಂಡ್ತೀನೂ ಅತ್ತೆ, ನನ್ನ ಹೆಂಡ್ತಿಯ ಅಮ್ಮಾನೂ ಅತ್ತೆ. ಅದಕ್ಕೇ ತಾನೆ ರೇಡಿಯೋ ಅತ್ತೆ, ದಪ್ಪತ್ತೆ ಅಂತೆಲ್ಲ ಮುಂದೆ ಒಂದು ತುಂಡು ಅಂಟಿಸಿದ್ದು? ಇಲ್ಲೂ ಹಾಗೇ. ಲ್ಯಾಬ್‌ನೋರೂ ದಿನಾಂಕ ಅಂತ ಬರೀತಾರೆ, ವಾರ್ಡ್‌ನೋರೂ ದಿನಾಂಕ ಅಂತ ಬರೀತಾರೆ. ಯಾರ ಮನೆ ದಿನಾಂಕ ಅಂತ ತಿಳೀಬೇಕಲ್ಲ, ಅದಕ್ಕೆ ಹೆಸರಿನ ಮುಂದೆ ಒಂದು ತುಂಡು. ಪ್ರಿಫಿಕ್ಸ್ ಅಂತೀವಿ."

"ಇಷ್ಟಕ್ಕೆ ಸಂಬಳಾನಾ?"

"ಇನ್ನೂ ಇದೆ ಕೇಳು. ಆ ಕಡೆ ಬಾಗಿಲಲ್ಲಿ ಒಬ್ಬ ಕಾವಲುಗಾರ ಇರ್ತಾನೆ. ಅವನ ಕೈಗೆ ಒಂದು ಚೀಟಿ ಕೊಟ್ಟಿರ್ಬೇಕು. ಯಾವ್ಯಾವ ಹೆಸರಿನೋರು ಒಳಗೆ ಬರ್ಬಹುದು, ಯಾರ ಹಿಂದೆ ಯಾರು, ಯಾರ ಕಂಕುಳಲ್ಲಿ ಯಾರು, ಎಲ್ಲ ಅದ್ರಲ್ಲಿ. ಅದನ್ನ ಘೋಷಣೆ ಅಂತೀವಿ. ಆ ಚೀಟಿ ಬರೆದುಕೊಡೋನು ನಾನು."

"ಚೀಟೀಲಿ ರೇಡಿಯೋ ಅತ್ತೆ ಅಂತ ಬರೆದು, ಅವಳು ಬಂದು ನಾನು ಟೀವಿ ಅತ್ತೆ ಅಂದ್ರೆ?"

"ಹೊಸಕಾಲದ ಕಾವಲುಗಾರರು ಮನೆ ವಿಳಾಸ ಕೇಳ್ತಾರೆ. ವಿಳಾಸ ಒಂದೇ ಆದ್ರೆ ಬಿಡ್ತಾರೆ. ಹಳೇ ಕಾಲದವನಿಗೆ ಅದೆಲ್ಲ ಗೊತ್ತಿಲ್ಲ. ಚೀಟೀಲಿ ಇಲ್ಲ, ನಡಿ ಆಚೆ."

"ಮುದುಕ್ರು ಅಂದ್ಮೇಲೆ ಹಾಗೇ ಬಿಡು," ಎಂದು ಅಕ್ಕ ಕಣ್ಣು ಮುಚ್ಚಿದ್ದಳು. ಇಡೀ ಎಕ್ಸ್‌ಎಂಎಲ್ ಎಂಬ ಯಂತ್ರಭಾಷೆಯ ಶಾಸ್ತ್ರ ಅವಳಿಗೆ ಅಷ್ಟರಲ್ಲಿ ಕರತಲಾಮಲಕವಾಗಿತ್ತು. ಹೊಸದಾಗಿ ಬಂದ ಎಂಜಿನಿಯರುಗಳಿಗೆ ಆರು ವಾರ ಹಿಡಿಯುತ್ತದೆ.

ಅಕ್ಕನ ಎರಡು ಮೂತ್ರಪಿಂಡಗಳೂ ಕೈಕೊಟ್ಟು ಆಗ ಒಂದು ವರ್ಷವಾಗಿತ್ತು. ತಮ್ಮ ತನ್ನದೊಂದನ್ನು ಕೊಡಲು ಎದೆ ಸೆಟೆಸಿಕೊಂಡು ಹೋದ. ರಕ್ತದ ಗುಂಪೇ ಹೊಂದಲಿಲ್ಲ. ಒಂದೇ ಹೊಟ್ಟೆಯಲ್ಲಿ ಹುಟ್ಟಿ ಹೀಗೂ ಮೋಸ ಮಾಡಬಹುದೇ ಎಂದು ಅವನಿಗೆ ತನ್ನ ರಕ್ತದ ಮೇಲೇ ಸಿಟ್ಟು. ಉಳಿದದ್ದು ಊರಾಚೆಯ ಪಟ್ಟಿ ಕಚೇರಿ. ಸತ್ತವರು ಬಿಟ್ಟುಹೋದ ಅಂಗಗಳನ್ನು ಇದ್ದವರಿಗೆ ಹಂಚುವ ಕಚೇರಿ. ಅಲ್ಲಿ ಇನ್ನೂರ ಹನ್ನೆರಡು ಹೆಸರುಗಳ ಸಾಲು. ನಾಲ್ಕು ವರ್ಷ ತೆವಳಿ ತೆವಳಿ ಅಕ್ಕ ಮೂರನೆಯ ಸ್ಥಾನಕ್ಕೆ ಬಂದಿದ್ದಳು.

ಕಚೇರಿಯ ಮುಖ್ಯ ಕಟ್ಟಳೆ ಒಂದೇ, ಆದರೆ ಉಕ್ಕಿನದು. ಮೂರು ತಿಂಗಳಿಗೊಮ್ಮೆ ಗೊತ್ತಾದ ದಿನ ಸಂಜೆ ಐದರೊಳಗೆ ಪ್ರತಿಯೊಬ್ಬರ ಹೊಸ ರಕ್ತದ ವರದಿ ತಲುಪಬೇಕು. ತಲುಪದವರ ಹೆಸರು ಕಿತ್ತುಹಾಕುತ್ತಾರೆ. ಮತ್ತೆ ಸೇರಿದರೆ ಬಾಲದಿಂದ ಶುರು. ಆ ಕಚೇರಿಯ ಬಾಗಿಲಲ್ಲಿ ನಿಂತಿದ್ದವನು ಇಪ್ಪತ್ತೈದು ವರ್ಷ ಹಳೆಯ ಕಾವಲುಗಾರ, ಅಂದರೆ ಚೀಟಿಯನ್ನು ಅಕ್ಷರ ಅಕ್ಷರ ಓದುವ ಜಾತಿಯ ಯಂತ್ರ.

ಆ ಗೊತ್ತಾದ ದಿನ, ಬೆಳಿಗ್ಗೆ ಹತ್ತಕ್ಕೆ, ಕೊಳಾಯಿ ಸಾಹೇಬ ತನ್ನ ಆಸ್ಪತ್ರೆಯ ನಲವತ್ತೊಂದು ಜನರ ವರದಿಗಳನ್ನು ಕಳಿಸಿ ಕಾಫಿ ಲೋಟಕ್ಕೆ ಕೈ ಹಾಕಿದ. ಲೋಟ ಬಾಯಿಗೆ ಬರುವಷ್ಟರಲ್ಲಿ ನಲವತ್ತೊಂದೂ ಹಿಂದಿರುಗಿದ್ದವು. ಪರದೆಯ ಮೇಲೆ ನಲವತ್ತೊಂದು ಕೆಂಪು ಸಾಲು. ಕಾಫಿ ಅಂಗಿಯ ಮೇಲೆ.

ಕಾರಣ ಹುಡುಕಲು ಅವನಿಗೆ ಐದು ನಿಮಿಷ ಸಾಕಾಯಿತು. ಭಾನುವಾರ ಲ್ಯಾಬಿನವರು ತಮ್ಮ ಯಂತ್ರಕ್ಕೆ ಹೊಸ ಆವೃತ್ತಿ ಹಾಕಿಸಿದ್ದರು. ಅದು ಬಂದ ಕೂಡಲೇ ಹಳೆಯ ಪ್ರಿಫಿಕ್ಸ್ ಕಿತ್ತು ತನ್ನದೊಂದನ್ನು ಅಂಟಿಸಿಕೊಂಡಿತ್ತು. ರೇಡಿಯೋ ಅತ್ತೆ ರಾತ್ರೋರಾತ್ರಿ ಟೀವಿ ಅತ್ತೆಯಾಗಿದ್ದಳು.

ಲ್ಯಾಬ್ ಡಾಕ್ಟರು ಮೊದಲ ಮಹಡಿಯಲ್ಲಿದ್ದರು. ದಪ್ಪ ಕನ್ನಡಕದ, ಮೃದು ಸ್ವಭಾವದ ಮನುಷ್ಯ. ಸೂಜಿ ಚುಚ್ಚುವ ಮುಂಚೆ ಕ್ಷಮೆ ಕೇಳುವವರು.

"ಡಾಕ್ಟ್ರೇ, ಹಳೇದನ್ನೇ ವಾಪಸ್ ಹಾಕ್ಸಿ."

"ಅಯ್ಯೋ ಸಾಹೇಬ್ರೇ, ಅದನ್ನ ಅಳಿಸಿಯೇ ಹೋದ್ರು. ನಿಮಗೆ ಒಂದು ಪುಸ್ತಕ ಕಳಿಸಿದ್ನಲ್ಲ, ಏನೇನು ಬದಲಾಗಿದೆ ಅಂತ? ಎಂಟು ಪುಟದ್ದು?"

"ನೋಡಿದೆ," ಎಂದ ಸಾಹೇಬ. ನೋಡಿದ್ದು ನಿಜ. ಅದರ ಮೇಲೆ ಕಾಫಿ ಲೋಟ ಇಡುತ್ತಿದ್ದ.

ನೀನೇ ನಡುವೆ ಕೂತಿದ್ದೀಯಲ್ಲ, ಹೊಸ ತುಂಡು ತೆಗೆದು ಹಳೆಯದನ್ನು ಅಂಟಿಸಿ ಕಳಿಸಬಾರದೇ ಎಂದು ಯಾರಾದರೂ ಕೇಳಬಹುದು. ಆಗದು. ಪ್ರತಿ ವರದಿಯ ಮೇಲೂ ಲ್ಯಾಬಿನ ಮುದ್ರೆ ಇರುತ್ತದೆ, ಅರಗಿನದಲ್ಲ, ಅಂಕಿಗಳದ್ದು. ಒಳಗೆ ಒಂದು ಚುಕ್ಕೆ ಅಲುಗಿದರೂ ಮುದ್ರೆ ಒಡೆಯುತ್ತದೆ. ವರದಿಯ ನೆತ್ತಿಯ ಮೇಲೆ ಘೋಷಣೆಯ ಸಾಲು ಬರೆಯುವುದಷ್ಟೇ ಸಾಹೇಬನ ಹಕ್ಕು. ಒಳಗಿನದಕ್ಕೆ ಕೈ ಹಾಕುವ ಹಾಗಿಲ್ಲ. ಹಾಗಾಗಿ ಅತ್ತೆಯನ್ನು ಬದಲಾಯಿಸಲಾರ, ಚೀಟಿಯನ್ನೇ ಬದಲಾಯಿಸಬೇಕು.

ಚೀಟಿ ಬದಲಾಗಬೇಕೆಂದರೆ ಪಟ್ಟಿಯಮ್ಮನನ್ನು ಒಲಿಸಿಕೊಳ್ಳಬೇಕು. ಪಟ್ಟಿ ಕಚೇರಿಯ ಆ ಹೆಂಗಸನ್ನು ಸಾಹೇಬ ಕಣ್ಣಾರೆ ಕಂಡಿರಲಿಲ್ಲ. ಹನ್ನೊಂದು ವರ್ಷದ ಫೋನಿನ ಪರಿಚಯ. ಕಳಿಸಿದ ಘೋಷಣೆಯನ್ನು ಅವಳು ಕಾಗದಕ್ಕೆ ಇಳಿಸಿ, ಅಡಿಕೋಲು ಇಟ್ಟು, ಒಂದೊಂದು ಸಾಲೂ ಓದಿ, ಆಮೇಲೆ ಯಂತ್ರಕ್ಕೆ ಹಾಕುವವಳು ಎಂಬುದು ಲೋಕಪ್ರಸಿದ್ಧ.

"ಮೇಡಂ, ಹೊಸ ಘೋಷಣೆ ಕಳಿಸ್ತಿದ್ದೀನಿ. ತುರ್ತು."

"ಎರಡು ಗಂಟೆಗೆ ಹಾಕ್ತೀನಿ. ಒಂದು ಆಸ್ಪತ್ರೆಗೆ ದಿನಕ್ಕೆ ಒಂದೇ. ತಪ್ಪಿದ್ರೆ ನಾಳೆ ಎರಡು ಗಂಟೆಗೆ. ಗೊತ್ತಲ್ಲ?"

"ಗೊತ್ತು ಮೇಡಂ."

"ಗೊತ್ತು ಅಂತ ಎಲ್ಲರೂ ಅಂತಾರೆ," ಎಂದು ಅವಳು ಫೋನಿಟ್ಟಳು.

ಒಂದು ಬಾಣ, ಒಂದೇ ಬಾರಿ. ಪುರಾಣದ ವೀರನಾದರೆ ಕಣ್ಣು ಮುಚ್ಚಿ ಧ್ಯಾನಿಸುತ್ತಿದ್ದ. ಸಾಹೇಬ ಕೀಲಿಮಣೆಯ ಮೇಲಿನ ಚೂರುಪಾರು ಊದಿ ಕೂತ.

ಘೋಷಣೆಯನ್ನು ಕೈಯಲ್ಲಿ ಬರೆಯುವುದಿಲ್ಲ; ಅದು ನೂರಾರು ಸಾಲು. ಮಿಡ್ಲ್‌ವೇರಿನಲ್ಲಿ ಒಂದು ಗುಂಡಿ ಇದೆ. ಒಂದು ಮಾದರಿ ವರದಿ ತಿನ್ನಿಸಿ, ಪ್ರಿಫಿಕ್ಸ್ ಯಾವುದೆಂದು ತಿಳಿಸಿ, ಗುಂಡಿ ಒತ್ತಿದರೆ ಅದು ವರದಿಯಲ್ಲಿ ಕಂಡದ್ದನ್ನೆಲ್ಲ ಪಟ್ಟಿ ಮಾಡಿ ಘೋಷಣೆ ಹೆತ್ತುಕೊಡುತ್ತದೆ. ಕಂಡದ್ದನ್ನು ಮಾತ್ರ, ಕಾಣದ್ದು ಅದರ ಪಾಲಿಗೆ ಇಲ್ಲವೇ ಇಲ್ಲ. ಅದಕ್ಕೇ ಈ ಕಸುಬಿನ ಹಿರಿಯರ ಮಾತು: ಮಾದರಿಗೆ ಎಲ್ಲರಿಗಿಂತ ಹೆಚ್ಚು ಕಾಯಿಲೆಯವನನ್ನು ಆರಿಸು, ಅವನ ವರದಿಯಲ್ಲಿ ಎಲ್ಲ ಹೆಸರೂ ಇರುತ್ತವೆ. ಸಾಹೇಬನಿಗೆ ಇದನ್ನು ಕಲಿಸಿದ ಗುರು, ನಿವೃತ್ತನಾಗಿ ಈಗ ಹೂಕುಂಡಗಳಿಗೆ ಬೈದುಕೊಂಡಿರುವ ಮುದುಕ, ಇನ್ನೂ ಒಂದು ಹೇಳುತ್ತಿದ್ದ: "ಹತ್ತು ಜನ ಊಟಕ್ಕೆ ಬರ್ತಾರೆ ಅಂದ್ರೆ ಹನ್ನೊಂದು ತಟ್ಟೆ ಇಡು." ಗುಂಡಿಯ ಪಕ್ಕದಲ್ಲಿ 'ವಿಸ್ತರಣೆಗೆ ಜಾಗ ಬಿಡು' ಎಂಬ ಚೌಕವಿತ್ತು. ಗುರುವಿನ ಮಾತಿಗೆ ಸಾಹೇಬ ಹದಿನೇಳು ವರ್ಷದಿಂದ ಅದಕ್ಕೊಂದು ಗೀಟು ಹಾಕುತ್ತಲೇ ಬಂದಿದ್ದ. ಅದು ಏನು ಮಾಡುತ್ತದೆಂದು ಎಂದೂ ವಿಚಾರಿಸಿರಲಿಲ್ಲ. ಅಂಗಿ ತೊಟ್ಟರೆ ಗುಂಡಿ ಹಾಕಿಕೊಳ್ಳುವ ಹಾಗೆ.

ಹನ್ನೊಂದನೆಯ ತಟ್ಟೆಯ ಮಾತು ಪಾಲಿಸಿದವನು ಮೊದಲನೆಯ ಮಾತನ್ನು ಮುರಿದ. ಮಾದರಿಗೆ ಅವನು ಆರಿಸಿದ್ದು ಅಕ್ಕನ ವರದಿ. ಅದೂ ಕಳೆದ ಸಲದ್ದು, ಒಂದು ತಕರಾರೂ ಇಲ್ಲದೆ ದಾಟಿಹೋದದ್ದು. ಪ್ರತಿ ಘೋಷಣೆಯನ್ನೂ ಅವನು ಅಕ್ಕನ ವರದಿಯಿಂದಲೇ ಹೆರಿಸುತ್ತಿದ್ದ. ಕೊಡೆಯ ಬಟ್ಟೆಯನ್ನು ಅಕ್ಕನ ಅಳತೆಗೇ ಕತ್ತರಿಸಿದರೆ, ಯಾರು ನೆನೆದರೂ ಅಕ್ಕ ನೆನೆಯಲಾರಳು. ನಲವತ್ತು ಬಿದ್ದರೂ ಅವಳದು ಬೀಳಬಾರದು. ಹಳೆಯ ತುಂಡು ಇದ್ದಲ್ಲೆಲ್ಲ ಹೊಸ ತುಂಡು ಅಂಟಿಸಿ, ಅದರ ಹಿಂದಿನ ಉದ್ದನೆಯ ವಿಳಾಸವನ್ನೂ ಬರೆದು, ಚೌಕಕ್ಕೆ ಗೀಟು ಹಾಕಿ, ಗುಂಡಿ ಒತ್ತಿದ. ಮೂರು ಸಲ ಓದಿ ಕಳಿಸಿದ.

ಎರಡು ಗಂಟೆಗೆ ಪಟ್ಟಿಯಮ್ಮ ಅದನ್ನು ಯಂತ್ರಕ್ಕೆ ಹಾಕಿದಳು. ಎರಡೂ ಇಪ್ಪತ್ತಕ್ಕೆ ಸಾಹೇಬ ನಲವತ್ತೊಂದನ್ನೂ ಮತ್ತೆ ಬಿಟ್ಟ. ಹಸಿರು. ಹಸಿರು. ಹಸಿರು. ಅವನು ಎದ್ದು ನಿಂತ. ನಲವತ್ತು ಹಸಿರು ಸಾಲುಗಳು ಪೈರಿನಂತೆ ತೊನೆದವು. ನಡುವೆ ಒಂದು ಕೆಂಪು.

ಅದು ಅಕ್ಕನದು.

ಕೆಂಪು ಸಾಲು ಹೇಳಿದ್ದು ಇಷ್ಟು: ಘೋಷಣೆಯಲ್ಲಿ ಇಲ್ಲದ ಹೆಸರು, 'ರಕ್ತ ಪಡೆದ ವಿವರ'. ಸಾಹೇಬ ಕಾಫಿ ಕಲೆಯ ಪುಸ್ತಕ ಎಳೆದು ತೆರೆದ. ಆರನೆಯ ಪುಟ: ರೋಗಿಗೆ ಹೊರಗಿನ ರಕ್ತ ಕೊಟ್ಟಿದ್ದರೆ, ಇದುವರೆಗೆ ಬೇರೆ ಕಾಗದದಲ್ಲಿ ಹೋಗುತ್ತಿದ್ದ ಆ ಸಂಗತಿ ಇನ್ನು ವರದಿಯ ಒಳಗೇ ಬರುತ್ತದೆ. ಸರಿ, ಬರಲಿ. ಆದರೆ ಅಕ್ಕನಿಗೆ ಯಾರು ರಕ್ತ ಕೊಟ್ಟರು? ಹೊರಗಿನ ರಕ್ತ ಒಳಗೆ ಹೋದರೆ ಮೈ ಅದರ ವಿರುದ್ಧ ಕತ್ತಿ ಮಸೆದಿಟ್ಟುಕೊಳ್ಳುತ್ತದೆ, ಆಮೇಲೆ ಹೊಂದುವ ಮೂತ್ರಪಿಂಡ ಸಿಗುವುದು ಕಷ್ಟ, ಪಟ್ಟಿಯಲ್ಲೂ ಹಿಂದಕ್ಕೆ ತಳ್ಳುತ್ತಾರೆ, ಆದಷ್ಟೂ ಬೇಡ ಎಂದು ದೊಡ್ಡ ಡಾಕ್ಟರು ಮೊದಲ ದಿನವೇ ಹೇಳಿದ್ದರು. ಲ್ಯಾಬಿನದೇ ತಪ್ಪು. ವರದಿ ಬಿಚ್ಚಿ ನೋಡಿದ. ಬಾಟಲಿ ಒಂದು, ಬಾಟಲಿ ಎರಡು. ಕಳೆದ ತಿಂಗಳ ಹದಿಮೂರು.

ಹದಿಮೂರು. ಅವನು ಮಗಳ ಶಾಲೆಗೆಂದು ರಜೆ ಹಾಕಿದ್ದ ದಿನ.

ಭಾವನಿಗೆ ಫೋನು ಮಾಡಿದ. ಅಕ್ಕನ ಗಂಡ ದರ್ಜಿ; ಮನೆಯ ಮುಂದಿನ ಕೋಣೆಯೇ ಅಂಗಡಿ. ಸುಳ್ಳು ಹೇಳುವ ಪ್ರಸಂಗ ಬಂದಾಗಲೆಲ್ಲ ಆತ ಬಾಯಿ ತುಂಬ ಗುಂಡುಪಿನ್ನು ಇಟ್ಟುಕೊಳ್ಳುತ್ತಿದ್ದ.

"ಭಾವ, ಹೋದ ತಿಂಗಳು ಹದಿಮೂರನೇ ತಾರೀಕು ಅಕ್ಕಂಗೆ ರಕ್ತ ಹಾಕಿದ್ರಾ?"

"ಊಂ?"

"ಬಾಯಿಂದ ಪಿನ್ನು ತೆಗೀರಿ."

"ಊಂ ಊಂ."

"ಭಾವ!"

ಟಿಕ್, ಟಿಕ್ ಎಂದು ಪಿನ್ನುಗಳು ತಟ್ಟೆಗೆ ಬಿದ್ದವು. ಸಾಹೇಬ ಆರು ಎಣಿಸಿದ.

"ಯಾರಪ್ಪ ಹೇಳಿದ್ದು ನಿಂಗೆ?"

"ಮೆಷಿನ್ನು."

"ಥೂ, ಅದಕ್ಕೆ ಆಣೆ ಹಾಕ್ಸೋದು ಮರೆತ್ವಿ. ಅವತ್ತು ಇವಳು ಕುರ್ಚಿಯಿಂದ ಜಾರಿ ಬಿದ್ದುಬಿಟ್ಳಪ್ಪ. ತುಟಿಯೆಲ್ಲ ಬಿಳಿ. ಹಾಕದೇ ಇದ್ರೆ ಸಂಜೆ ಕಾಣಲ್ಲ ಅಂದ್ರು ಡಾಕ್ಟ್ರು. ಹಾಕಿ ಅಂದೆ. ನಾನೇ ಸೈನ್ ಹಾಕಿದ್ದು. ಎಚ್ಚರ ಆದ್ಮೇಲೆ, ತಮ್ಮಂಗೆ ಹೇಳಿದ್ರೆ ನನ್ನ ಹೆಣ ನೋಡ್ತೀರ ಅಂದ್ಳು."

"ಇದು ಮುಚ್ಚಿಡೋ ವಿಷಯಾನಾ ಭಾವ?"

"ನಾನು ಬಟ್ಟೆಗೆ ತೇಪೆ ಹಾಕೋನು ಕಣಪ್ಪ. ಅಕ್ಕ ತಮ್ಮನ ನಡುವೆ ಹೊಲಿಯೋಕೆ ನನ್ನ ಹತ್ರ ದಾರ ಇಲ್ಲ."

ಮೂರು ಗಂಟೆಯಾಗಿತ್ತು. ಸಾಹೇಬ ಮತ್ತೆ ಮೊದಲ ಮಹಡಿಗೆ ಓಡಿದ. ಲ್ಯಾಬ್ ಡಾಕ್ಟರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು.

"ಸಾಹೇಬ್ರೇ, ಒಂದು ಮಾತು. ಆ ವಿವರ ತುಂಬೋ ಜಾಗ ನನ್ನ ಪರದೆ ಮೇಲೆ ಇರುತ್ತೆ. ಖಾಲಿ ಬಿಟ್ಟು ಮತ್ತೆ ಮುದ್ರೆ ಹಾಕಿದ್ರೆ ನಿಮ್ಮ ಘೋಷಣೆಗೆ ಸರಿಹೋಗುತ್ತೆ. ಎರಡು ನಿಮಿಷದ ಕೆಲಸ. ಮೂರನೇ ಸ್ಥಾನಾನೂ ಉಳಿಯುತ್ತೆ." ಅವರು ಬಾಗಿಲ ಕಡೆ ನೋಡಿದರು. "ಬೇರೆ ಯಾರಿಗೂ ನಾನು ಹೀಗೆ ಹೇಳ್ತಿರ್ಲಿಲ್ಲ."

ಹೂಂ ಎನ್ನಲು ಬಾಯಿ ತೆರೆದ ಸಾಹೇಬ, ಯಾಕೋ, "ಒಂದು ನಿಮಿಷ, ಬಂದೆ," ಎಂದು ಮೆಟ್ಟಿಲೇರಿದ. ಅಂದು ಅಕ್ಕನ ಡಯಾಲಿಸಿಸ್ ದಿನ. ಎರಡನೆಯ ಮಹಡಿಯಲ್ಲಿ ಹನ್ನೆರಡು ಕುರ್ಚಿ, ಹನ್ನೆರಡು ಯಂತ್ರಗಳ ಗುಯ್‌ಗುಟ್ಟುವಿಕೆ. ಅಕ್ಕ ಕಿಟಕಿಯ ಪಕ್ಕ, ತೋಳಿನಿಂದ ಎರಡು ಕೆಂಪು ನಳಿಗೆ.

"ಏನೋ, ಮುಖ ಸೀದು ಹೋಗಿದೆ?"

"ಹದಿಮೂರನೇ ತಾರೀಕು," ಎಂದ ತಮ್ಮ.

ಅಕ್ಕ ಕಿಟಕಿಯ ಕಡೆ ತಿರುಗಿದಳು. "ಆ ಪಿನ್ನು ಬಾಯಿಯವರು ಹೇಳಿದ್ರಾ?"

"ಇಲ್ಲ. ನಿನ್ನ ರಿಪೋರ್ಟು ಬಾಗಿಲಲ್ಲಿ ನಿಂತಿದೆ. ಒಳಗೆ ಬಿಡ್ತಿಲ್ಲ." ಅವನು ಎಲ್ಲವನ್ನೂ ಹೇಳಿದ. ಲ್ಯಾಬ್ ಡಾಕ್ಟರ ಮಾತನ್ನೂ ಹೇಳಿದ. ಅದನ್ನು ಹೇಳಬಾರದಿತ್ತು ಎಂದು ಅವನಿಗೆ ಹೇಳಿದ ಮೇಲೆ ಹೊಳೆಯಿತು.

"ಹಾಗಾದ್ರೆ ಖಾಲಿ ಬಿಡ್ಸು," ಎಂದಳು ಅಕ್ಕ.

"ಅಕ್ಕ..."

"ನಾಲ್ಕು ವರ್ಷ ಕಣೋ. ವಾರಕ್ಕೆ ಮೂರು ದಿನ, ಈ ಕುರ್ಚಿ. ಒಂದು ಲೋಟ ನೀರು ಕುಡಿಯೋಕೂ ಅಳತೆ. ನನ್ನ ಮುಂದೆ ಇರೋದು ಇಬ್ರೇ. ಎರಡು ಬಾಟ್ಲಿಗೆ ಎಲ್ಲ ಹೋಗುತ್ತೆ ಅಂತ ತಾನೆ ಬಾಯಿ ಮುಚ್ಕೊಂಡಿದ್ದು? ಖಾಲಿ ಬಿಡ್ಸು."

"ಸುಳ್ಳು ನಂಬ್ಕೊಂಡು ಅವರು ಕಿಡ್ನಿ ಕೂರಿಸಿ, ನಿನ್ನ ಮೈ ಅದನ್ನ ಒದ್ದು ಆಚೆ ಹಾಕಿದ್ರೆ?"

"ಒದ್ರೆ ಒದೀಲಿ. ನನ್ನ ಮೈ ತಾನೆ."

"ಮೈ ನಿಂದು. ಕಿಡ್ನಿ ಇನ್ಯಾರದೋ. ನಿಂಗೆ ದಕ್ಕದೇ ಇದ್ದದ್ದು ನಾಲ್ಕನೇಯೋರಿಗೆ ದಕ್ತಿತ್ತು."

ಯಂತ್ರ ಗುಯ್‌ಗುಡುತ್ತಿತ್ತು. ಪಕ್ಕದ ಕುರ್ಚಿಯಲ್ಲಿ ನಿದ್ದೆ ಮಾಡುತ್ತಿದ್ದ ಮುದುಕ ನಿದ್ದೆ ಮಾಡುತ್ತಿರಲಿಲ್ಲ ಎಂಬುದು ಅವನ ರೆಪ್ಪೆಯಿಂದ ಗೊತ್ತಾಗುತ್ತಿತ್ತು.

"ಇಷ್ಟು ಬುದ್ಧಿ ಯಾರೋ ಕಲಿಸಿದ್ದು ನಿಂಗೆ?" ಎಂದಳು ಅಕ್ಕ ಕೊನೆಗೆ.

"ನೀನೇ. ಕಿವಿ ಹಿಂಡಿ ಹಿಂಡಿ."

"ಇನ್ನೂ ಸ್ವಲ್ಪ ಕಮ್ಮಿ ಹಿಂಡಬೇಕಿತ್ತು." ಅವಳು ಕಣ್ಣೊರೆಸಿಕೊಳ್ಳಲು ಕೈಯೆತ್ತಿದಳು, ನಳಿಗೆ ಎಳೆಯಿತು, ಯಂತ್ರ ಕೀ ಎಂದಿತು. ಓಡಿಬಂದ ನರ್ಸಮ್ಮನಿಗೆ ಏನೂ ಇಲ್ಲ ಎಂದು ಹೇಳಿ, ಅವಳು ತಮ್ಮನ ಕಡೆ ನೋಡಿದಳು. "ಐದು ಗಂಟೆಗೆ ಹೋಗಲಿಲ್ಲ ಅಂದ್ರೆ ನಾನು ಮೂರನೇಯವಳೂ ಅಲ್ಲ, ಇನ್ನೂರನೇಯವಳೂ ಅಲ್ಲ. ಇಲ್ಲಿ ನಿಂತು ನನ್ನ ಮುಖದಲ್ಲಿ ಏನ್ ಹುಡುಕ್ತಿದ್ದೀಯ? ಹೋಗು. ಇದ್ದದ್ದು ಇದ್ದ ಹಾಗೇ ಕಳ್ಸು."

ಕೆಳಗಿಳಿದು ಬಂದಾಗ ನಾಲ್ಕು ಗಂಟೆ. ಸಾಹೇಬ ಪಟ್ಟಿಯಮ್ಮನಿಗೆ ಫೋನು ಮಾಡಿದ. ಇವತ್ತೇ ಇನ್ನೊಂದು ಘೋಷಣೆ ಹಾಕಿ ಎಂದು ಬೇಡಿದ. ಹನ್ನೊಂದು ವರ್ಷದ ಸ್ನೇಹ ಎಂದ. ಅವಳು ಯಾವ ಸ್ನೇಹ ಎಂದಳು. ಅಕ್ಕ ಎಂದ, ಇಲ್ಲಿ ಇನ್ನೂರ ಹನ್ನೆರಡು ಜನ ಯಾರಿಗಾದರೂ ಅಕ್ಕನೋ ಅಣ್ಣನೋ ಎಂದಳು. ಅದು ಕಠಿಣ ಮಾತಾದರೂ ಸುಳ್ಳಲ್ಲ. ಸಾಹೇಬ ಫೋನು ಹಿಡಿದುಕೊಂಡೇ ಮೇಜಿನ ಮೇಲೆ ಹಣೆಯಿಟ್ಟ.

"ಇದ್ದೀರೇನ್ರೀ?" ಎಂದಿತು ಫೋನು.

"ಇದ್ದೀನಿ ಮೇಡಂ."

"ನೀವು ಕಳಿಸೋದ್ರಲ್ಲಿ ಅಚ್ಚುಕಟ್ಟೇ ಇಲ್ಲ ಅಂತ ಹೇಳ್ಬೇಕು ಅಂತಿದ್ದೆ. ಇವತ್ತು ಅಡಿಕೋಲು ಇಟ್ಟು ಓದಿದೆ. ಪ್ರತಿ ಗುಂಪಿನ ಕೊನೇಲೂ ಒಂದು ಖಾಲಿ ಜಾಗ ಬಿಟ್ಟಿದ್ದೀರಿ. ಏನೂ ಇಲ್ಲ ಅದ್ರಲ್ಲಿ. ಹನ್ನೊಂದು ವರ್ಷದಿಂದ ನೋಡ್ತಿದ್ದೀನಿ, ಪ್ರತಿ ಸಲ ಅದೇ ಕಸ. ಯಾಕ್ರೀ ಅದು?"

ಸಾಹೇಬ ತಲೆ ಎತ್ತಿದ. ಹಣೆಗೆ ಒಂದು ಕಾಗದದ ಕ್ಲಿಪ್ಪು ಅಂಟಿಕೊಂಡಿತ್ತು.

ಹನ್ನೊಂದನೆಯ ತಟ್ಟೆ!

ಆ ಖಾಲಿ ಜಾಗದ ಗುಣ ಗುರು ಎಂದೋ ಗೊಣಗಿದ್ದು ಈಗ ನೆನಪಿಗೆ ಬಂತು: ಘೋಷಣೆಯಲ್ಲಿ ಅದು ಖಾಲಿಯಾಗಿಯೇ ಇರುತ್ತದೆ; ಆದರೆ ಬರುವ ವರದಿ ತನ್ನ ನೆತ್ತಿಯ ಸಾಲಿನಲ್ಲಿ, ಆ ಜಾಗಕ್ಕೆ ಇಂಥವರು ಬರುತ್ತಾರೆ ಎಂದು ಬರೆದುಕೊಂಡು ಬಂದರೆ, ಹಳೆಯ ಕಾವಲುಗಾರ ಅದನ್ನೇ ಮೊದಲು ಓದುತ್ತಾನೆ, ಒಪ್ಪುತ್ತಾನೆ. ಮತ್ತು ನೆತ್ತಿಯ ಸಾಲು ಮುದ್ರೆಯ ಹೊರಗಿದೆ. ಅದು ಸಾಹೇಬನ ಹಕ್ಕು. ಈ ಭೂಮಂಡಲದಲ್ಲಿ ಅವನ ಹಕ್ಕು ನಡೆಯುವ ಒಂದೇ ಒಂದು ಸಾಲು.

"ಮೇಡಂ," ಎಂದ ಸಾಹೇಬ, "ಅದು ಕಸ ಅಲ್ಲ. ನಿಮ್ಮ ಅಡಿಕೋಲಿಗೆ ನಾನು ಸಾಷ್ಟಾಂಗ ಬೀಳ್ತೀನಿ."

"ಬೀಳಿ, ಬೀಳಿ. ಐದಕ್ಕೆ ಬಾಗಿಲು ಹಾಕ್ತೀನಿ."

ಹದಿನೇಳು ವರ್ಷ ಗೀಟು ಹಾಕಿದ್ದನ್ನು ಬಳಸುವುದು ಹೇಗೆಂದು ಕಲಿಯಲು ಅವನಿಗಿದ್ದದ್ದು ನಲವತ್ತು ನಿಮಿಷ. ಗುರುವಿಗೆ ಫೋನು ಮಾಡಿದ, ಗುರು ಎತ್ತಲಿಲ್ಲ. ಹೂಕುಂಡಗಳ ಜೊತೆ ಜಗಳ ಜೋರಾಗಿದ್ದಿರಬೇಕು. ಬೆವರು ಕನ್ನಡಕದ ಮೇಲೆ ತೊಟ್ಟಿಕ್ಕಿತು. ಅಷ್ಟರಲ್ಲಿ ಕರೆಂಟು ಹೋಗಿ, ಪಕ್ಕದ ಜನರೇಟರು ಕೆರಳಿದ ಆನೆಯಂತೆ ಘೀಳಿಟ್ಟು, ಮುರಿದ ಮಂಚಗಳೆಲ್ಲ ಗಡಗಡ ನಡುಗಿದವು. ಸಾಹೇಬ ನಡುಗಲಿಲ್ಲ, ಆಗಲೇ ನಡುಗುತ್ತಿದ್ದವನಿಗೆ ಹೊಸದಾಗಿ ನಡುಗಲು ಜಾಗವಿರಲಿಲ್ಲ. ಹೊಸ ಪ್ರಿಫಿಕ್ಸ್ ಸಮೇತ 'ರಕ್ತ ಪಡೆದ ವಿವರ' ಎಂದು ಖಾಲಿ ಜಾಗಕ್ಕೆ ತುಂಬಿದ. ಅದರೊಳಗೆ ಬಾಟಲಿ, ಬಾಟಲಿಯೊಳಗೆ ದಿನಾಂಕ. ನಾಲ್ಕೂ ನಲವತ್ತೇಳಕ್ಕೆ ಬಿಟ್ಟ.

ಕೆಂಪು.

ಅವನ ಬಾಯಿಂದ ಬಂದ ಶಬ್ದಕ್ಕೆ ಕಿಟಕಿಯಾಚೆ ಹೋಗುತ್ತಿದ್ದ ಒಂದು ಜೊತೆ ಪಾದ ಗಕ್ಕನೆ ನಿಂತಿತು. ಓದಿದ. ಮತ್ತೆ ಓದಿದ. ಘೋಷಣೆ ಒಂದು ಬಾಟಲಿ ಎನ್ನುತ್ತದೆ, ವರದಿಯಲ್ಲಿ ಎರಡಿವೆ. ಒಂದೋ ಅದಕ್ಕಿಂತ ಹೆಚ್ಚೋ ಎಂದು ಬರೆಯಬೇಕಾದ ಕಡೆ ಅವನು ಒಂದೇ ಎಂದು ಬರೆದಿದ್ದ. ಕಣ್ಣು ಎರಡನ್ನು ಓದಿತ್ತು, ಭಾವ ಎರಡು ಬಾಟಲಿ ರಕ್ತಕ್ಕೆ ಸಹಿ ಹಾಕಿದ್ದ, ಅಕ್ಕ ಎರಡು ಎಂದು ಬಾಯಿಬಿಟ್ಟು ಹೇಳಿದ್ದಳು. ಕೈ ಮಾತ್ರ ಒಂದಕ್ಕಿಂತ ಮುಂದೆ ಹೋಗಲು ಒಪ್ಪಿರಲಿಲ್ಲ.

ಹೆಸರಿನ ಪಕ್ಕ ಒಂದು ಕೂಡುವ ಚಿಹ್ನೆ ಹಾಕಿದರಾಯಿತು. ಒಂದೇ ಒಂದು ಚಿಹ್ನೆ. ಅದನ್ನು ಹಾಕುವಾಗ ಅವನಿಗೆ ತಾನೇ ಅಕ್ಕನ ತೋಳಿಗೆ ಎರಡನೆಯ ಬಾಟಲಿ ಚುಚ್ಚುತ್ತಿರುವಂತೆನಿಸಿತು. ಚುಚ್ಚಿದ.

ನಾಲ್ಕೂ ಐವತ್ತಾರಕ್ಕೆ ನಲವತ್ತೊಂದನೆಯ ಸಾಲು ಹಸಿರಾಯಿತು. ಯಾರೂ ಡಂಗುರ ಸಾರಲಿಲ್ಲ, ಹೂಮಳೆ ಸುರಿಯಲಿಲ್ಲ. ಜನರೇಟರು ಮಾತ್ರ ಒಮ್ಮೆ ಕೆಮ್ಮಿ ನಿಂತಿತು.

ಆರು ಗಂಟೆಗೆ ಪಟ್ಟಿ ಕಚೇರಿ ಹೊಸ ಪಟ್ಟಿ ಹೊರಡಿಸಿತು. ಅದೂ ಇವನ ಕೊಳಾಯಿಯ ಮೂಲಕವೇ ಬಂತು. ಎಲ್ಲರಿಗಿಂತ ಮೊದಲು ನೋಡುವ ದುರದೃಷ್ಟ ಅವನದು. ಮೂರನೆಯ ಸಾಲು ನೋಡಿದ, ಬೇರೆ ಯಾರೋ. ಐದನೆಯದು, ಹತ್ತನೆಯದು. ಬೆರಳಿಟ್ಟು ಕೆಳಕ್ಕಿಳಿಯುತ್ತ ಹೋದ. ಅಕ್ಕ ಇದ್ದಳು. ಎಲ್ಲಿದ್ದಳೆಂದು ನೋಡಿ, ಪರದೆ ಆರಿಸಿ, ಮನೆಗೆ ಹೋಗುವ ದಾರಿ ಬಿಟ್ಟು ಭಾವನ ಅಂಗಡಿಯ ದಾರಿ ಹಿಡಿದ. ಯಾರಾದರೂ ಕಿಟಕಿಯಿಂದ ಅವನ ನಡಿಗೆ ನೋಡಿದ್ದರೆ ಏನು ಸುದ್ದಿಯೆಂದು ಹೇಳಲು ಕಷ್ಟಪಡುತ್ತಿದ್ದರು.

ಅಂಗಡಿಯಲ್ಲಿ ಭಾವ ಯಾರದೋ ಕೋಟಿನ ತೋಳು ಹಿಡಿದು ನಿಂತಿದ್ದ. ಅಕ್ಕ ಬಟ್ಟೆ ಕತ್ತರಿಸುವ ಮೇಜಿನ ಪಕ್ಕದ ಬೆತ್ತದ ಕುರ್ಚಿಯಲ್ಲಿ, ಡಯಾಲಿಸಿಸ್ ಮುಗಿಸಿ ಬಂದ ಸುಸ್ತಿನಲ್ಲಿ, ಶಾಲು ಹೊದ್ದು ಕೂತಿದ್ದಳು.

"ಪಟ್ಟೀಲಿ ಇದ್ದೀನಾ?"

"ಇದ್ದೀಯ."

ಭಾವ ಕೋಟಿನ ತೋಳಿನಲ್ಲೇ ಮುಖ ಒರೆಸಿಕೊಂಡ. ಗಿರಾಕಿಯ ಕೋಟು, ಅವನಿಗೆ ಅದರ ಪರಿವೆಯಿರಲಿಲ್ಲ.

"ಎಷ್ಟನೇಯವಳು?" ಎಂದಳು ಅಕ್ಕ.

ಕೊಳಾಯಿ ಸಾಹೇಬ ಮೇಜಿನ ಮೇಲಿನ ತಟ್ಟೆಗೆ ಕೈ ಹಾಕಿ, ಗುಂಡುಪಿನ್ನುಗಳನ್ನು ಒಂದೊಂದಾಗಿ ಎತ್ತಿ ತುಟಿಗಳ ನಡುವೆ ಇಟ್ಟುಕೊಳ್ಳತೊಡಗಿದ. ಒಂದು. ಎರಡು. ಮೂರು.

"ಲೋ," ಎಂದಳು ಅಕ್ಕ.

"ಊಂ."

"ಹತ್ತರೊಳಗಾ?"

"ಊಂ ಊಂ."

"ಇಲ್ವಾ? ಇಪ್ಪತ್ತರೊಳಗೆ?"

ಅವನು ಇನ್ನೊಂದು ಪಿನ್ನು ತುಟಿಗಿಟ್ಟು, "ಊಂ," ಎಂದ.

ಅಕ್ಕ ಶಾಲನ್ನು ಮೇಲಕ್ಕೆಳೆದುಕೊಂಡಳು. ಹತ್ತೊಂಬತ್ತನೆಯವಳು ಎಂಬುದು ಆಮೇಲೆ ತಿಳಿಯಿತು. ಆಗ ಅವಳು ಅದನ್ನು ಕೇಳಲಿಲ್ಲ. ಭಾವ ಮಾತ್ರ ಕೋಟು ಕೆಳಗಿಟ್ಟು, ತಟ್ಟೆಯನ್ನೆತ್ತಿ ಬಾಮೈದುನನ ಗದ್ದದ ಕೆಳಗೆ ಹಿಡಿದ.

"ಉಗುಳಪ್ಪ," ಎಂದ. "ನುಂಗಿಬಿಟ್ಟೀಯ. ನಿಂಗೂ ಒಂದು ಪಟ್ಟಿ ಹುಡುಕೋಕೆ ನನ್ನ ಕೈಲಾಗಲ್ಲ."